ಹೆಸರನ್ನು ಚೇಣಿಗೆ ಕೊಟ್ಟಾಗ

ಫಸಲನ್ನು ಚೇಣಿಗೆ ಕೊಡುವುದು ನಮಗೆ ಹೊಸದಲ್ಲ. ಚೇಣಿದಾರ ಎಷ್ಟೇ ಖರ್ಚು ಮಾಡಿ ಔಷಧಿ ಹೊಡೆಸಿದರೂ ತೋಟದ ಪಹಣಿ ಅವನ ಹೆಸರಿಗೆ ಏರುವುದಿಲ್ಲ. ಆದರೆ ಸರಕಿನ ಹೆಸರನ್ನೇ, ಅಂದರೆ ಟ್ರೇಡ್ ಮಾರ್ಕನ್ನು, ಇನ್ನೊಬ್ಬರ ಬಳಕೆಗೆ ಕೊಟ್ಟರೆ? ಸಂಘದ ಹೆಸರಿನಲ್ಲಿ ಕಾಫಿಪುಡಿ ಮಾರುತ್ತೇವೆಂದು ಯಾರಾದರೂ ಕೇಳಿಕೊಂಡು ಬಂದಾಗ ಉಪಯೋಗಕ್ಕೆ ಬರಬಹುದಾದ, ಚೀನಾದಲ್ಲಿ ನಡೆದ ಒಂದು ವ್ಯಾಜ್ಯವನ್ನು ಇಲ್ಲಿ ನೋಡೋಣ.

ಥಾಯ್ಲೆಂಡಿನ ಟಿ.ಸಿ. ಫಾರ್ಮಾಸ್ಯುಟಿಕಲ್ ಕಂಪೆನಿಯ ಪಾನೀಯದ ಮೂಲ ಹೆಸರು 'ಕ್ರಾಟಿಂಗ್ ಡಾಂಗ್'. ಎಂದರೆ ಕೆಂಪು ಕಾಟಿ. ನಮ್ಮ ತೋಟಗಳಿಗೆ ನುಗ್ಗುವ ಅದೇ ಕಾಟಿ! ಹೊರಗೆ ಅದು 'ರೆಡ್ ಬುಲ್' ಎನಿಸಿಕೊಂಡಿತು. 1995ರಲ್ಲಿ ಈ ಕಂಪೆನಿಯೂ ಪಾಲುದಾರನಾಗಿ ಚೀನಾದಲ್ಲಿ ಜಂಟಿ ಕಂಪೆನಿಯೊಂದು ಆರಂಭವಾಯಿತು. ಅದರ ಆಡಳಿತ ರೇನ್‌ವುಡ್ ಸಮೂಹದ ಕೈಯಲ್ಲಿತ್ತು. ವ್ಯಾಪಾರ ಚೆನ್ನಾಗಿ ಕುದುರಿತು. 2016ರ ಅಕ್ಟೋಬರಿನಲ್ಲಿ ಪರವಾನಗಿಯ ಅವಧಿ ತೀರಿತು, ಜಗಳ ಹತ್ತಿತು.

ಜಂಟಿ ಕಂಪೆನಿಯ ವಾದ ಹೀಗಿತ್ತು: ಹೆಸರನ್ನು ಮನೆಮಾತಾಗಿಸಿದವರು ನಾವು, ಆದ್ದರಿಂದ ಒಡೆತನ ನಮ್ಮದು, ಇಲ್ಲವಾದರೆ ಜಾಹೀರಾತಿಗೆ ಸುರಿದ 375 ಕೋಟಿ 30 ಲಕ್ಷ ಯುವಾನ್ ಕೊಡಿ. ಆಧಾರಕ್ಕೆ ಅವರು ತೋರಿಸಿದ್ದು ಕರಾರಿನ ಒಂದು ಸಾಲು. ಸರಕಿನ ಟ್ರೇಡ್ ಮಾರ್ಕು ಜಂಟಿ ಕಂಪೆನಿಯ ಆಸ್ತಿಯ ಭಾಗವೆಂದು ಅದರಲ್ಲಿ ಬರೆದಿತ್ತು. ಅದೇ ಕರಾರಿನ ಇನ್ನೊಂದು ಕಲಮು ಥಾಯ್ ಕಂಪೆನಿಯು ಮಾರ್ಕನ್ನು 'ಒದಗಿಸುವುದು' ಎಂದಷ್ಟೇ ಹೇಳುತ್ತಿತ್ತು. ಬರೆದವರ ಅಜಾಗ್ರತೆಯೆಂದೇ ನಮಗೆ ತೋರುತ್ತದೆ.

ಬೀಜಿಂಗ್ ಉಚ್ಚ ನ್ಯಾಯಾಲಯ 2019ರಲ್ಲಿ ಎರಡು ಬೇಡಿಕೆಗಳನ್ನೂ ತಳ್ಳಿಹಾಕಿತು. 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಕಲಮುಗಳನ್ನು ಬಿಡಿಬಿಡಿಯಾಗಿ ಓದದೆ ಒಟ್ಟಾಗಿ ಓದಬೇಕು. 'ಒದಗಿಸುವುದು' ಎಂದರೆ ಬಳಕೆಗೆ ಕೊಡುವುದು, ಬಿಟ್ಟುಕೊಡುವುದಲ್ಲ. ಮುಂದೆ ಸಹಿಯಾದ ಪರವಾನಗಿ ಪತ್ರಗಳಲ್ಲಿ ಥಾಯ್ ಕಂಪೆನಿಯೇ ಒಡೆಯನೆಂದು ಇವರೇ ಒಪ್ಪಿದ್ದಾರೆ. ಪ್ರಚಾರಕ್ಕೆ ಹಣ ಹಾಕಿದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲ. ಇದು ತೀರ್ಪಿನ ತಿರುಳು.

ಒಡೆಯನಿಗೂ ತೊಡಕುಂಟು. ಚೀನಾದ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಪರವಾನಗಿಯನ್ನು ಮೂರು ಬಗೆಯಾಗಿ ವಿಂಗಡಿಸಿತು. ಸಾಮಾನ್ಯ ಬಗೆಯಲ್ಲಿ ಒಡೆಯ ಎಷ್ಟು ಜನರಿಗಾದರೂ ಕೊಡಬಹುದು. ಎರಡನೆಯದರಲ್ಲಿ ಒಡೆಯ ಮತ್ತು ಪಡೆದವ ಇಬ್ಬರೇ ಬಳಸಬಹುದು. ಪೂರ್ಣ ಏಕಸ್ವಾಮ್ಯದ ಬಗೆಯಲ್ಲಾದರೋ, ಅವಧಿ ಮುಗಿಯುವವರೆಗೆ ಒಡೆಯನೂ ತನ್ನ ಹೆಸರನ್ನು ಬಳಸುವಂತಿಲ್ಲ! ನಕಲು ಮಾಡಿದವರ ಮೇಲೆ ಪಡೆದವನೇ ನೇರವಾಗಿ ದಾವೆ ಹೂಡಬಹುದು. ಹಾಗಾಗಿ ಕರಾರಿನಲ್ಲಿ ಬಗೆ ಯಾವುದು, ವರ್ಷ ಎಷ್ಟು ಎಂಬುದು ಬಿಡಿಸಿ ಬರೆದಿರಬೇಕು.

ಈ ವರ್ಷದ ಲೆಕ್ಕವೇ ರೆಡ್ ಬುಲ್ ವ್ಯಾಜ್ಯವನ್ನು ಮುಂದಕ್ಕೆ ಎಳೆಯಿತು. 1995ರ ಒಪ್ಪಂದ 50 ವರ್ಷಗಳಿಗೆಂದು ರೇನ್‌ವುಡ್ ಪತ್ರವೊಂದನ್ನು ಮುಂದಿಟ್ಟು, ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರವೂ ಬೇರೆ ನ್ಯಾಯಾಲಯಗಳಲ್ಲಿ ಹೋರಾಟ ಮುಂದುವರಿಸಿತು.