ಸಿಗ್ನಲ್ ಬಿಟ್ಟ ಕೂಡಲೇ ಪೂರ್ತಿ ತಿರುವಬೇಡಿ

ಎಲೆಕ್ಟ್ರಿಕ್ ಸ್ಕೂಟರ್ ಸದ್ದು ಮಾಡುವುದಿಲ್ಲ. ಹಾಗಾಗಿ ಸಿಗ್ನಲ್ ಹಸಿರಾದ ಕೂಡಲೇ ಆಕ್ಸಿಲರೇಟರ್ ಪೂರ್ತಿ ತಿರುವಿದರೂ ಏನೂ ಆಗದು ಅನ್ನಿಸುತ್ತದೆ. ಆಗುತ್ತದೆ. ಬ್ಯಾಟರಿಯಿಂದ ಎರಡು ಪಟ್ಟು ಕರೆಂಟ್ ಎಳೆದರೆ, ಸೆಲ್ಲು–ತಂತಿಗಳಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಆ ಕ್ಷಣಕ್ಕೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಲಿಥಿಯಂ ಬ್ಯಾಟರಿಯ ಆಯಸ್ಸು ತಿನ್ನುವುದು ಇಂಥ ಶಾಖವೇ. ಬ್ರೇಕ್ ಹಿಡಿದಾಗ ರೀಜನರೇಷನ್, ಅಂದರೆ ಓಟದ ಶಕ್ತಿಯನ್ನು ಮತ್ತೆ ಬ್ಯಾಟರಿಗೆ ತುಂಬುವ ವ್ಯವಸ್ಥೆ, ಒಂದಿಷ್ಟು ಮರಳಿಸುತ್ತದೆ ನಿಜ, ಪೂರ್ತಿ ಎಂದೂ ಅಲ್ಲ. ವೇಗದ ಕಥೆಯೂ ಅಷ್ಟೇ: 40ರಿಂದ 60 ಕಿ.ಮೀ.ಗೆ ಏರಿದರೆ ಗಾಳಿಯ ತಡೆ ಎರಡು ಪಟ್ಟಿಗೂ ಹೆಚ್ಚು.

ಓವರ್‌ಟೇಕ್ ಮಾಡುವಾಗ ಒಮ್ಮೆ ಜೋರಾಗಿ ತಿರುವಿದರೆ ಚಿಂತೆಯಿಲ್ಲ. ಆದರೆ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ, ಚಾರ್ಜ್ ತಳ ಮುಟ್ಟಿರುವಾಗ ಹಾಗೆ ಮಾಡಬೇಡಿ. ಮನೆಗೆ ಬಂದ ತಕ್ಷಣ ಚಾರ್ಜಿಗೂ ಹಾಕಬೇಡಿ. ಬ್ಯಾಟರಿ ಸ್ವಲ್ಪ ಆರಲಿ. ಮನೆಯಲ್ಲಿ ಹೊಸದಾಗಿ ಗಾಡಿ ಓಡಿಸುವ ಮಕ್ಕಳಿದ್ದರೆ ಅವರ ಕಿವಿಗೂ ಇದನ್ನು ಹಾಕಿ.