ಬಿದ್ದ ತೆಂಗಿನ ಮರದ ಕೊಯ್ತವೂ ಮನೆಯ ಒಲೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗು ಜೀವನಾಧಾರವಾದ ಬೆಳೆಯೆಂಬುದು ಎಲ್ಲರಿಗೂ ತಿಳಿದಿರುವ ವಿಷಯವೇ ಸರಿ. ಕಾಯಿಯ ವಿಷಯದಲ್ಲಿ ಈ ಸೀಮೆಯ ರೈತರು ತೋರಿಸುವ ತಾಳ್ಮೆಯು ಅಸಾಧಾರಣವಾದುದು. ಹನ್ನೆರಡು ತಿಂಗಳು ಬಲಿತ ಕಾಯಿಯನ್ನು ಕೆಡವಿ ಅಟ್ಟಕ್ಕೇರಿಸಿ, ಎಂಟು ತಿಂಗಳು ಮೊದಲ್ಗೊಂಡು ಒಂದು ವರ್ಷದವರೆಗೂ ನೆರಳಿನಲ್ಲಿಟ್ಟು, ಒಳಗಿನ ನೀರು ಇಂಗಿ ಕೊಬ್ಬರಿಯು ಚಿಪ್ಪನ್ನು ಬಿಟ್ಟು ಗಡಗಡ ಶಬ್ದಮಾಡುವತನಕ ಕಾದಿದ್ದು, ಆ ಬಳಿಕ ಸುಲಿದು ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ತರುವರು. ಆದರೆ ಅಷ್ಟು ಕಾಯಿ ಕೊಟ್ಟ ಮರವು ಸತ್ತು ನಿಂತಾಗ ಈ ತಾಳ್ಮೆಯು ಎಲ್ಲಿಯೂ ಕಾಣಬರುವುದಿಲ್ಲ. ಇಟ್ಟಿಗೆ ಗೂಡಿನವರು ಹೇಳಿದ ಬೆಲೆಗೆ ಮರವನ್ನು ಕೊಟ್ಟುಬಿಡುವುದು, ಇಲ್ಲವೆ ಬದುವಿನ ಮೇಲೆ ಉರುಳಿಸಿ ಕೊಳೆಯಲು ಬಿಡುವುದು, ಇವೆರಡೇ ಸಾಮಾನ್ಯವಾದ ರೂಢಿ.

ಸತ್ತ ಮರಗಳ ಸಂಖ್ಯೆಯೇನೂ ಅಲ್ಪವಲ್ಲ. ಮಳೆ ತಪ್ಪಿ ಕೊಳವೆ ಬಾವಿಗಳು ಬತ್ತಿದ ವರ್ಷಗಳಲ್ಲಿ ತೋಟಕ್ಕೆ ತೋಟವೇ ಸುಳಿ ಬಾಗಿ ಒಣಗಿದುದನ್ನು ಈ ಸೀಮೆ ಕಂಡಿದೆ. ಬುಡವನ್ನು ಕೊಳೆಯಿಸುವ ಅಣಬೆ ರೋಗ, ಕಾಂಡದಿಂದ ರಸ ಸೋರುವ ರೋಗ, ಕಪ್ಪು ತಲೆಯ ಹುಳು, 1998ರಲ್ಲಿ ಕೇರಳದಲ್ಲಿ ಗೋಚರವಾಗಿ ಬೇಗನೆ ಇತ್ತ ಹರಡಿದ ನುಸಿ, ಇವುಗಳ ಹಾವಳಿಯೂ ಉಂಟು. ವಯಸ್ಸಾಗಿ ಫಲ ಕುಗ್ಗಿದ ಮರಗಳು ಬೇರೆ. ಇಂಥ ಮರದಿಂದ ಮನೆಗೆ ಹಲಗೆ ಜಂತಿಗಳನ್ನೂ, ಉಳಿದುದರಿಂದ ಒಲೆಗೆ ಒಳ್ಳೆಯ ಸೌದೆಯನ್ನೂ ಪಡೆಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಕೊಳೆಯುವ ದಿಮ್ಮಿಯ ಮಾತು. ಸುಳಿಯನ್ನು ಕೊರೆಯುವ ಕೊಂಬಿನ ದುಂಬಿಯು ಮೊಟ್ಟೆಯಿಡುವುದು ತಿಪ್ಪೆಯಲ್ಲಿಯೂ ಕೊಳೆತ ತೆಂಗಿನ ಕಾಂಡದಲ್ಲಿಯೂ. ಮರಿಹುಳುಗಳು ಆ ಕೊಳೆತ ತಿರುಳನ್ನೇ ತಿಂದು ಬೆಳೆದು, ದುಂಬಿಗಳಾಗಿ ಹೊರಟು, ಪಕ್ಕದ ಎಳೆಯ ಸಸಿಗಳ ಸುಳಿಯನ್ನು ಹೊಕ್ಕುವುವು. ಗರಿ ಬಿಚ್ಚಿದಾಗ ಕತ್ತರಿಯಿಂದ ಕತ್ತರಿಸಿದಂತೆ ಕಾಣುವುದು ಇದರ ಗುರುತು. ಸತ್ತ ಮರದ ಜಾಗಕ್ಕೆ ಹೊಸ ಸಸಿಯನ್ನು ನೆಟ್ಟು, ಹಳೆಯ ದಿಮ್ಮಿಯನ್ನು ಅದರ ಮಗ್ಗುಲಲ್ಲೇ ಬಿಡುವವನು ಸಸಿಯ ವೈರಿಯನ್ನು ತಾನೇ ಸಾಕಿದಂತಾಗುವುದು. ಒಬ್ಬನ ಬದುವಿನಲ್ಲಿ ಬೆಳೆದ ದುಂಬಿಯು ಹತ್ತು ಜನರ ತೋಟಕ್ಕೆ ಹಾರುವುದಾದುದರಿಂದ, ಇದು ಒಬ್ಬ ಜಮೀನುದಾರನ ಇಷ್ಟಾನಿಷ್ಟಕ್ಕೆ ಬಿಡತಕ್ಕ ವಿಷಯವಲ್ಲ. ಗ್ರಾಮದ ಮುಖ್ಯಸ್ಥರು ಗಮನಿಸಬೇಕಾದುದು. ಅಣಬೆ ರೋಗದಿಂದ ಸತ್ತ ಮರವಾದರೆ ಬುಡವನ್ನು ಬೇರುಸಹಿತ ಅಗೆದು ತೆಗೆದು ಅಲ್ಲಿಯೇ ಸುಡತಕ್ಕದ್ದು. ಮೇಲಿನ ಕಾಂಡವು ಗಟ್ಟಿಯಾಗಿದ್ದರೆ ಕೊಯ್ತಕ್ಕೆ ಉಪಯೋಗಿಸಲು ಅಡ್ಡಿಯಿಲ್ಲ.

ತೆಂಗಿನ ಮರವನ್ನು ಕೊಯ್ಯುವವರು ಒಂದು ಸಂಗತಿಯನ್ನು ಚೆನ್ನಾಗಿ ಮನಗಾಣಬೇಕು. ತೇಗ, ಹಲಸು, ಬೇವು ಮುಂತಾದ ಮರಗಳಲ್ಲಿ ನಡುವಿನ ಕೆಚ್ಚು ಗಟ್ಟಿ, ಹೊರಗಿನ ಬಿಳಿಯ ಭಾಗ ಮೆದು. ತೆಂಗಿನಲ್ಲಿ ಇದು ತಿರುವುಮುರುವು. ಇದು ಹುಲ್ಲು, ಜೋಳಗಳ ಪಂಗಡಕ್ಕೆ ಸೇರಿದ ಗಿಡವಾದುದರಿಂದ ಇದಕ್ಕೆ ಕೆಚ್ಚೂ ಇಲ್ಲ, ವರ್ಷಕ್ಕೊಂದು ಬಳೆಯೂ ಇಲ್ಲ. ಕಪ್ಪು ನಾರುಗಳು ಹೊರಮೈಯಲ್ಲಿ ಒತ್ತಾಗಿಯೂ ನಡುವೆ ವಿರಳವಾಗಿಯೂ ಇರುವುವು. ಬುಡದ ಹೊರಮೈಯ ಮರವು ಘನ ಮೀಟರಿಗೆ 600 ಕಿಲೋಗೂ ಮೀರಿ ತೂಗುವುದು; ತಿರುಳು 400 ಕಿಲೋಗೂ ಕಡಮೆ, ತುದಿಯ ತಿರುಳಂತೂ ಬೆಂಡಿನಂತೆ. ಹೀಗೆ ಒಂದೇ ಮರದಲ್ಲಿ ಕಲ್ಲಿನಂಥ ಭಾಗವೂ ಉಂಟು, ಹತ್ತಿಯಂಥ ಭಾಗವೂ ಉಂಟು. ಇದನ್ನರಿಯದೆ ಕಾಂಡವನ್ನು ನಡುವೆ ನಾಲ್ಕಾಗಿ ಸೀಳಿ, ಹಾಗೆಯೇ ಕೊಟ್ಟಿಗೆಗೆ ಜಂತಿ ಹಾಕಿದವರು ಕೆಲವು ವರ್ಷಗಳಲ್ಲಿ ತಿರುಳೆಲ್ಲ ಹುಳು ತಿಂದು ಜಂತಿ ಬಾಗಿದಾಗ ‘ತೆಂಗಿನ ಮರ ಬಾಳಿಕೆಯದಲ್ಲ’ ಎಂದು ದೂರುವರು. ದೋಷವು ಮರದ್ದಲ್ಲ, ತಿರುಳನ್ನು ಕಳೆಯದೆ ಬಿಟ್ಟುದರದು. ಹಿಂದಿನ ಬಡಗಿಗಳು ಸೀಳಿದ ಮೇಲೆ ಬಾಚಿಯಿಂದ ತಿರುಳನ್ನು ಕೆತ್ತಿ ತೆಗೆದು ಹೊರಭಾಗವನ್ನು ಮಾತ್ರ ಉಪಯೋಗಿಸುತ್ತಿದ್ದುದು ಇದೇ ಕಾರಣದಿಂದ.

ಒಂದು ಅಡಿ ಅಡ್ಡಳತೆಯ ದಿಮ್ಮಿಯಲ್ಲಿ ಹೊರಗಿನ ಎರಡು ಅಂಗುಲದ ಸುತ್ತು ಮಾತ್ರ ಗಟ್ಟಿಯೆಂದು ಇಟ್ಟುಕೊಂಡರೂ, ಲೆಕ್ಕ ಹಾಕಿದಲ್ಲಿ ಆ ಸುತ್ತೇ ಇಡೀ ದಿಮ್ಮಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚಾಗುವುದು. ದುಂಡಾದುದರಿಂದ ಚಪ್ಪಟೆ ಹಲಗೆಯನ್ನು ತೆಗೆಯುವಾಗ ಅದರಲ್ಲಿಯೂ ಒಂದಂಶ ಕಳೆದುಹೋಗುವುದು ನಿಜ; ಆದರೂ ಉಳಿಯುವುದು ಇಟ್ಟಿಗೆ ಗೂಡಿಗೆ ಹಾಕತಕ್ಕ ವಸ್ತುವಲ್ಲ. ವಯಸ್ಸು 60 ವರ್ಷಕ್ಕೆ ಮೇಲ್ಪಟ್ಟ ಎತ್ತರದ ಜಾತಿಯ ಮರಗಳು ಇದಕ್ಕೆ ಅತ್ಯುತ್ತಮ. ಗಟ್ಟಿ ಮರದ ಬಹುಭಾಗ ಸಿಗುವುದು ಕೆಳಗಿನ ಅರ್ಧದಲ್ಲಿ. ತುದಿಯ ಮೂರನೆಯ ಒಂದು ಪಾಲನ್ನು ಕೊಯ್ತಕ್ಕೆ ತರುವುದು ಕೂಲಿಯ ನಷ್ಟವೇ ಸರಿ.

ಮರವನ್ನು ಕಡಿದ ಮೇಲೆ 8 ಅಥವಾ 10 ಅಡಿಯ ದಿಮ್ಮಿಗಳಾಗಿ ತುಂಡರಿಸಿ, ಹಸಿಯಿರುವಾಗಲೇ, ಹೆಚ್ಚೆಂದರೆ ಎರಡು ವಾರದೊಳಗಾಗಿ ಕೊಯ್ದುಬಿಡುವುದು ಲೇಸು. ಒಣಗಿದ ತೆಂಗು ಗರಗಸಕ್ಕೆ ಕಬ್ಬಿಣದಂತಾಗುವುದು. ಇದರ ನಾರಿನಲ್ಲಿ ಮರಳಿನ ಅಂಶವಿರುವುದರಿಂದ ಹಸಿಯದಾದರೂ ಸಾಮಾನ್ಯ ಉಕ್ಕಿನ ಹಲ್ಲು ಬೇಗನೆ ಮೊಂಡಾಗುವುದು. ಫಿಲಿಪೀನ್ಸ್ ದೇಶದ ಝಾಂಬೊಆಂಗದಲ್ಲಿ 1970ರ ದಶಕದಿಂದ ತೆಂಗಿನ ಮರದ ಕೊಯ್ತವನ್ನು ಕುರಿತು ದೀರ್ಘವಾದ ಪ್ರಯೋಗಗಳು ನಡೆದುವು. ಗಟ್ಟಿ ಲೋಹದ ತುದಿ ಕೂರಿಸಿದ ಹಲ್ಲುಗಳಿರುವ ಗರಗಸವೇ ಈ ಮರಕ್ಕೆ ತಕ್ಕುದೆಂಬುದು ಅನುಭವದಿಂದ ಸ್ಥಿರಪಟ್ಟಿದೆ. ಬೆಲೆ ಹೆಚ್ಚೆಂದು ಅಂಜಿ ಸಾದಾ ಹಲ್ಲಿನ ಗರಗಸವನ್ನೇ ತರುವ ಗುತ್ತಿಗೆದಾರನು ಅರ್ಧ ದಿನವನ್ನು ಹಲ್ಲು ಮಸೆಯುವುದರಲ್ಲೇ ಕಳೆಯುವನು; ಆ ಕೂಲಿಯನ್ನು ಕೊಡುವವನು ತೋಟದವನೇ.

ಹಿಂದೆ ಹಳ್ಳಿಗಳಲ್ಲಿ ಇಬ್ಬರು ಆಳುಗಳು, ಒಬ್ಬನು ದಿಮ್ಮಿಯ ಮೇಲೂ ಒಬ್ಬನು ಕೆಳಗೂ ನಿಂತು ಎಳೆಗರಗಸದಿಂದ ಕೊಯ್ಯುತ್ತಿದ್ದರು. ಈಗ ಎಂಜಿನ್ನಿನ ಸರಪಳಿ ಗರಗಸವನ್ನು ಚೌಕಟ್ಟಿಗೆ ಬಿಗಿದು ತೋಟದಲ್ಲಿಯೇ ಹಲಗೆ ತೆಗೆಯುವ ಪದ್ಧತಿ ಬಂದಿದೆ. ಪಟ್ಟಿ ಗರಗಸದ ಸಣ್ಣ ಯಂತ್ರವನ್ನು ಗಾಡಿಯ ಮೇಲೆ ತರುವುದೂ ಉಂಟು. ಇವೆರಡರಲ್ಲಿ ಯಾವುದು ಲಾಭವೆಂಬುದನ್ನು ಹೊಟ್ಟಿನ ರಾಶಿಯೇ ಹೇಳುವುದು. ಸರಪಳಿ ಗರಗಸವು ಒಂದೊಂದು ಸಲವೂ ಸುಮಾರು 10 ಮಿಲಿಮೀಟರ್ ಮರವನ್ನು ಪುಡಿಮಾಡುವುದು. 25 ಮಿಲಿಮೀಟರ್ ದಪ್ಪದ ಹಲಗೆ ತೆಗೆಯುವುದಾದರೆ ಪ್ರತಿ 35 ಮಿಲಿಮೀಟರಿನಲ್ಲಿ 10 ಹೊಟ್ಟಾಯಿತು, ಎಂದರೆ ನೂರಕ್ಕೆ ಸುಮಾರು 29ರಷ್ಟು. ಪಟ್ಟಿ ಗರಗಸವು ತಿನ್ನುವುದು ಸುಮಾರು 3 ಮಿಲಿಮೀಟರ್; ಆಗ ನಷ್ಟ ನೂರಕ್ಕೆ 11 ಮಾತ್ರ. ನಾಲ್ಕೈದು ಮರಗಳಿಗಾಗಿ ಯಂತ್ರವನ್ನು ದೂರದಿಂದ ತರಿಸುವುದು ಕಟ್ಟುವುದಿಲ್ಲ. ಆದುದರಿಂದ ಮುಖ್ಯಸ್ಥರು ಊರಿನ ಸತ್ತ ಮರಗಳನ್ನು ಎಣಿಸಿ, ಒಂದೇ ವಾರದಲ್ಲಿ ಕಡಿಸಿ, ರಸ್ತೆ ಬದಿಯ ಒಂದು ಕಣದಲ್ಲಿ ದಿಮ್ಮಿಗಳನ್ನು ಸೇರಿಸಿದರೆ ಸಾಗಣೆಯ ಖರ್ಚು ಎಲ್ಲರಿಗೂ ಹಂಚಿಹೋಗುವುದು. ಊರಿನಲ್ಲಿ ಯಂತ್ರವನ್ನು ಸ್ಥಿರವಾಗಿ ನಿಲ್ಲಿಸಬೇಕೆಂದರೆ ಮಾತ್ರ ಅರಣ್ಯ ಇಲಾಖೆಯ ಪರವಾನಗಿ ಅವಶ್ಯಕ. 2002ರಲ್ಲಿ ಸುಪ್ರೀಂ ಕೋರ್ಟು ಹೊಸ ಸಾಮಿಲ್ಲುಗಳ ಮೇಲೆ ನಿರ್ಬಂಧ ವಿಧಿಸಿದಂದಿನಿಂದ ಈ ವಿಷಯದಲ್ಲಿ ಕಟ್ಟುನಿಟ್ಟು ಹೆಚ್ಚಿದೆ. ಗಾಡಿಯ ಮೇಲಿನ ಯಂತ್ರವನ್ನು ಕರೆಸುವ ಮುನ್ನವೂ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಕೊಯ್ಯುವ ಕ್ರಮ ಹೀಗಿರಬೇಕು. ದಿಮ್ಮಿಯ ಒಂದು ಮಗ್ಗುಲಿನಿಂದ ತೆಳುವಾದ ಹೊರಸೀಳನ್ನು ತೆಗೆದು, ಅನಂತರ ಹಲಗೆಗಳನ್ನು ತೆಗೆಯುತ್ತ, ಕಪ್ಪು ಚುಕ್ಕೆಗಳು ವಿರಳವಾಗಿ ಉಗುರೊತ್ತಿದರೆ ತಗ್ಗುಬೀಳುವ ಮೆದು ಭಾಗ ಕಂಡ ಕೂಡಲೆ ನಿಲ್ಲಿಸಿ, ದಿಮ್ಮಿಯನ್ನು ಹೊರಳಿಸಿ ಇನ್ನೊಂದು ಮಗ್ಗುಲನ್ನು ಕೊಯ್ಯಬೇಕು. ಹೀಗೆ ನಾಲ್ಕು ಮಗ್ಗುಲೂ ಆದ ಮೇಲೆ ನಡುವೆ ತಿರುಳಿನ ಚೌಕ ಉಳಿಯುವುದು. ಜಂತಿ, ತೊಲೆ, ಬಾಗಿಲ ಚೌಕಟ್ಟುಗಳಿಗೆ ಹೊರ ಹಲಗೆ; ಗೋಡೆಗೆ ಹೊದಿಸುವ ಪಟ್ಟಿ, ಪೆಟ್ಟಿಗೆ ಮುಂತಾದುವಕ್ಕೆ ನಡುತರದ್ದು; ತಿರುಳು ಒಲೆಗೆ. ಹಸಿಯ ಹಲಗೆಗೆ ಎರಡು ಮೂರು ದಿನಗಳಲ್ಲೇ ಬೂಷ್ಟು ಹಿಡಿಯುವುದರಿಂದ, ಕೊಯ್ದ ದಿನವೇ ಬೋರಾಕ್ಸ್ ಮೂರು ಪಾಲು, ಬೋರಿಕ್ ಆಮ್ಲ ಎರಡು ಪಾಲು ಸೇರಿಸಿ 100 ಲೀಟರ್ ನೀರಿಗೆ ಒಟ್ಟು ಐದಾರು ಕಿಲೋ ಕರಗಿಸಿದ ದ್ರಾವಣದಲ್ಲಿ ಅದ್ದಿ, ಕೆಲವು ವಾರ ಒತ್ತಾಗಿ ಪೇರಿಸಿ ಮುಚ್ಚಿಟ್ಟರೆ ಔಷಧವು ಒಳಕ್ಕಿಳಿಯುವುದು. ದನಕರುಗಳು ಆ ನೀರನ್ನು ಮುಟ್ಟದಂತೆ ಎಚ್ಚರವಹಿಸಬೇಕು. ಬಳಿಕ ನೆರಳಿನಲ್ಲಿ, ಹಲಗೆ ಹಲಗೆಗೂ ನಡುವೆ ಅಂಗುಲದ ಅಡ್ಡಪಟ್ಟಿಯಿಟ್ಟು ಗಾಳಿಯಾಡುವಂತೆ ಜೋಡಿಸತಕ್ಕದ್ದು. ಒಂದಂಗುಲದ ಹಲಗೆ ಒಂದೆರಡು ತಿಂಗಳಿಗೂ, ಎರಡಂಗುಲದ್ದು ಸುಮಾರು ನಾಲ್ಕು ತಿಂಗಳಿಗೂ ಒಣಗುವುದು. ಈ ಔಷಧ ಮಳೆಗೆ ತೊಳೆದುಹೋಗುವುದರಿಂದ ಸೂರಿನ ಕೆಳಗಿನ ಕೆಲಸಕ್ಕೆ ಮಾತ್ರ ಇದು ಸಾಕು. ನೆಲದಲ್ಲಿ ಹೂಳುವ ಕಂಬಕ್ಕೆ ತೆಂಗನ್ನು ಹಾಕಬಾರದು. ಎರಡು ಮೂರು ವರ್ಷಗಳಲ್ಲಿ ಬುಡ ಕೊಳೆಯುವುದು. ಮೊಳೆ ಹೊಡೆಯುವ ಮುನ್ನ ಬೈರಿಗೆಯಿಂದ ತೂತು ಕೊರೆಯದಿದ್ದರೆ ಗಟ್ಟಿ ಹಲಗೆ ಸೀಳುವುದು, ಇಲ್ಲವೆ ಮೊಳೆಯೇ ಬಾಗುವುದು.

ಇನ್ನು ಒಲೆ. ಮನೆಮನೆಗೂ ಗ್ಯಾಸು ಬಂದಿರುವ ಈ ಕಾಲದಲ್ಲಿಯೂ ಹಂಡೆಯ ಒಲೆ, ಮುದ್ದೆಯ ಒಲೆ, ಆಳುಕಾಳಿಗೆ ಅಡಿಗೆ ಮಾಡುವ ಹಿತ್ತಿಲ ಒಲೆ ಇವು ಸೌದೆಯಿಂದಲೇ ಉರಿಯುತ್ತಿವೆ. ತೆಂಗಿನ ಸೀಮೆಯಲ್ಲಿ ಗರಿ, ಮಟ್ಟೆ, ಹೊಂಬಾಳೆ, ಚಿಪ್ಪು ಇವು ಕೈಗೆಟುಕುವಾಗ ಅನ್ಯಥಾ ಆಗುವುದೂ ಕಷ್ಟ. ಆದರೆ ಹಸಿ ತೆಂಗಿನ ಕಾಂಡದಲ್ಲಿ ಅರ್ಧಕ್ಕರ್ಧ ನೀರು. ಒಂದು ಕಿಲೋ ಹಸಿ ಸೌದೆ ಸುಟ್ಟರೆ ಅದರೊಳಗಿನ ಅರ್ಧ ಕಿಲೋ ನೀರನ್ನು ಆವಿ ಮಾಡುವುದಕ್ಕೆ ಒಂದಂಶ ಶಾಖ ವ್ಯಯವಾಗಿ ಉಳಿಯುವುದು ಸುಮಾರು 2,000 ಕಿಲೋ ಕ್ಯಾಲೊರಿ. ಅದನ್ನೇ ಚೆನ್ನಾಗಿ ಒಣಗಿಸಿದರೆ ಕಿಲೋಗೆ ಸುಮಾರು 3,700. ಎಂದರೆ ಒಣ ಸೌದೆಯ ಒಂದು ಹೊರೆಯು ಹಸಿಯ ಎರಡು ಹೊರೆಗೆ ಸಮ. ತಿರುಳಿನ ಚೌಕವನ್ನೂ ಹೊರಸೀಳನ್ನೂ ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಒಂದು ಬೇಸಗೆ ಸೂರಿನ ಕೆಳಗೆ ಒಣಗಿಸಿ ಉಪಯೋಗಿಸಬೇಕು. ಚಿಪ್ಪು ಬಿರುಸಾಗಿ ಉರಿಯುವುದು. ಇದ್ದಲಿನವರಿಗೆ ಮಾರಿದರೆ ಹಣ ಬರುವ ವಸ್ತುವಾದುದರಿಂದ ಒಲೆಗೆ ಹೊತ್ತಿಸಲು ಮಾತ್ರ ಸ್ವಲ್ಪ ಇಟ್ಟುಕೊಂಡರೆ ಸಾಕು. ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್ ಹೇರಳವಾಗಿರುವುದರಿಂದ ಅದು ಮರದ ಬುಡಕ್ಕೆ ಹೋಗತಕ್ಕದ್ದು, ಬೀದಿಗಲ್ಲ.

ಕೊಯ್ತದ ಹೊಟ್ಟನ್ನೂ ಎಸೆಯಬೇಕಾಗಿಲ್ಲ. ಹಳೆಯ ತಗಡಿನ ಡಬ್ಬದ ತಳದ ಪಕ್ಕದಲ್ಲಿ ಒಂದು ರಂಧ್ರ ಮಾಡಿ, ಆ ರಂಧ್ರದಿಂದ ಒಂದು ಕೋಲನ್ನೂ ಮೇಲಿನಿಂದ ಇನ್ನೊಂದನ್ನೂ ನಡುವೆ ಕೂಡುವಂತಿಟ್ಟು, ಸುತ್ತಲೂ ಒಣ ಹೊಟ್ಟನ್ನು ಗಟ್ಟಿಸಿ ತುಂಬಿ, ಕೋಲುಗಳನ್ನು ಮೆಲ್ಲಗೆ ಸೆಳೆದುಕೊಂಡರೆ ಹೊಟ್ಟಿನ ಒಲೆ ಸಿದ್ಧವಾಯಿತು. ಕೆಳಗಿನಿಂದ ಬೆಂಕಿ ತಗುಲಿಸಿದಲ್ಲಿ ಗಂಟೆಗಟ್ಟಲೆ ಸಮನಾಗಿ ಉರಿಯುವುದು. ಹಂಡೆಯ ನೀರಿಗೂ ದನಗಳ ಹುರುಳಿ ಬೇಯಿಸುವುದಕ್ಕೂ ಇದಕ್ಕಿಂತ ಅಗ್ಗದ ಸಾಧನವಿಲ್ಲ. ಇದಕ್ಕೆ ಹೊಗೆಕೊಳವೆ ಇಲ್ಲವಾದುದರಿಂದ ಬಯಲಿನಲ್ಲಿ ಮಾತ್ರ ಹಚ್ಚಬೇಕು.

ಅಡಿಗೆಯ ಒಲೆಯ ಸುಧಾರಣೆಯ ಚರಿತ್ರೆಯು ತುಮಕೂರು ಜಿಲ್ಲೆಗೇ ಸಂಬಂಧಿಸಿದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಘಟಕ ಸ್ಥಾಪಿತವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣ ಕೇಂದ್ರವಿತ್ತು. ಆ ಸುತ್ತಿನ ಹಳ್ಳಿಗಳಲ್ಲಿ ನಡೆದ ಪರಿಶೀಲನೆಯಿಂದ, ಹಳ್ಳಿಯು ಉಪಯೋಗಿಸುವ ಶಕ್ತಿಯ ಬಹುಪಾಲು ಅಡಿಗೆಯ ಸೌದೆಯೆಂದೂ, ಅದನ್ನು ಆಯ್ದು ಹೊತ್ತು ತರುವ ಶ್ರಮದಲ್ಲಿ ಹೆಂಗಸರ ಮಕ್ಕಳ ಪಾಲು ದೊಡ್ಡದೆಂದೂ ತಿಳಿದುಬಂದಿತು. ಇದರ ಫಲವಾಗಿ ಹುಟ್ಟಿದುದೇ ‘ಅಸ್ತ್ರ ಒಲೆ’. ಸೌದೆಯು ಕಬ್ಬಿಣದ ಸರಳುಗಳ ಜಾಲರಿಯ ಮೇಲೆ ಮುಚ್ಚಿದ ಗೂಡಿನೊಳಗೆ ಉರಿಯುವುದು. ಗಾಳಿ ಕೆಳಗಿನಿಂದ ಬರುವುದು. ಮೊದಲನೆಯ ಪಾತ್ರೆಯನ್ನು ಕಾಯಿಸಿದ ಬಿಸಿಗಾಳಿಯು ಎರಡನೆಯ, ಮೂರನೆಯ ಪಾತ್ರೆಗಳ ತಳವನ್ನು ಸವರಿ ಕೊಳವೆಯಿಂದ ಮಾಡಿನ ಮೇಲಕ್ಕೆ ಹೋಗುವುದು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ಹತ್ತರಲ್ಲೊಂದು ಪಾಲು ಪಾತ್ರೆಗೆ ತಲಪಿದರೆ, ಇದರಲ್ಲಿ ಮೂರು ಪಾಲಿಗೂ ಮೀರಿ ತಲಪುವುದೆಂದು ಪರೀಕ್ಷೆಗಳಲ್ಲಿ ಕಂಡುಬಂದಿತು. 1980ರ ದಶಕದಲ್ಲಿ ಸರ್ಕಾರದ ಸುಧಾರಿತ ಒಲೆಗಳ ಕಾರ್ಯಕ್ರಮದ ಮೂಲಕ ಇವು ಅನೇಕ ಹಳ್ಳಿಗಳಿಗೆ ಬಂದುವು. 2002ರಲ್ಲಿ ಕೇಂದ್ರದ ಆ ಕಾರ್ಯಕ್ರಮ ನಿಂತುಹೋಯಿತು.

ಬಂದ ಒಲೆಗಳಲ್ಲಿ ಅನೇಕವು ಉಳಿಯಲಿಲ್ಲ. ಸೀಳದ ದಪ್ಪ ಸೌದೆ ಹಿಡಿಸಲೆಂದು ಒಲೆಯ ಬಾಯನ್ನು ಒಡೆದು ದೊಡ್ಡದು ಮಾಡಲಾಯಿತು. ಪಾತ್ರೆ ಬದಲಾಗಿ ಕಣ್ಣಿನ ಸಂದಿನಿಂದ ಹೊಗೆ ಒಳಕ್ಕೆ ಬಂದಿತು. ಕೊಳವೆಯ ಮಸಿಯನ್ನು ತೆಗೆಯುವವರಿರಲಿಲ್ಲ. ಒಲೆಯನ್ನು ಕಟ್ಟಿಸುವವನು ಯಜಮಾನ, ಅದರ ಮುಂದೆ ಕೂರುವವಳು ಗೃಹಿಣಿ. ಆಕೆಯ ಪಾತ್ರೆಗಳನ್ನು ಅಳೆಯದೆ, ಆಕೆ ಮುದ್ದೆ ತೊಳಸುವಾಗ ಕೋಲಿಗೆ ಎಷ್ಟು ಬಲ ಹಾಕುವಳೆಂಬುದನ್ನು ನೋಡದೆ ಕಟ್ಟಿದ ಒಲೆ ವರ್ಷ ಬಾಳುವುದಿಲ್ಲ. ಕಟ್ಟುವ ಮುನ್ನ ಮನೆಯ ಮೂರು ಪಾತ್ರೆಗಳನ್ನು ಮಣ್ಣಿನ ಮೇಲೆ ಕೂರಿಸಿಯೇ ಕಣ್ಣುಗಳನ್ನು ಕೊರೆಯಬೇಕು. ಕೊಳವೆಯು ಮಾಡಿನಿಂದ ಎರಡು ಮೂರು ಅಡಿ ಮೇಲಕ್ಕಿದ್ದು, ತಿಂಗಳಿಗೊಮ್ಮೆ ಮಸಿ ತೆಗೆಯಲು ಬುಡದಲ್ಲಿ ಒಂದು ಕಿಂಡಿ ಇರಬೇಕು.

ಹೊಗೆ ಹೊರಗೆ ಹೋದರೆ ಅಟ್ಟದ ಕಾಯಿ ಒಣಗುವುದಿಲ್ಲವೆಂದು ಹಿರಿಯರಲ್ಲಿ ಕೆಲವರು ಆಕ್ಷೇಪಿಸುವುದುಂಟು. ಹೊಗೆಯಿಂದ ಜಂತಿಗೆ ಹುಳು ಕಡಮೆಯೆಂಬಷ್ಟು ಈ ಮಾತು ನಿಜ; ಆದರೆ ಆ ಕೆಲಸವನ್ನು ಮೇಲೆ ಹೇಳಿದ ಬೋರಾಕ್ಸ್ ಮಾಡಬಲ್ಲುದು. ಉಂಡೆ ಕೊಬ್ಬರಿಯನ್ನು ಒಣಗಿಸುವುದು ಹೊಗೆಯಲ್ಲ, ಒಣ ಗಾಳಿ ಮತ್ತು ಕಾಲ. ಹೊಗೆ ಕುಡಿದು ಬಣ್ಣಗೆಟ್ಟ ಕೊಬ್ಬರಿಗೆ ಮಾರುಕಟ್ಟೆಯಲ್ಲಿ ಬೆಲೆ ಇಳಿಯುವುದನ್ನು ಮಾರುವವರೇ ಬಲ್ಲರು. ಹೊಗೆ ಕುಡಿದ ಕಣ್ಣು, ಎದೆಗಳ ನಷ್ಟವು ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ. ಕೊಳವೆಯು ಅಟ್ಟದ ಮೂಲಕ ಹಾಯಬೇಕಾದಲ್ಲಿ ಕಾಯಿಗಳೂ ಒಣ ಸಿಪ್ಪೆಯೂ ಅದಕ್ಕೆ ಎರಡು ಅಡಿಯಾದರೂ ದೂರವಿರಬೇಕು, ಆ ಭಾಗದ ಕೊಳವೆಗೆ ಇಟ್ಟಿಗೆಯ ಸುತ್ತು ಕಟ್ಟಬೇಕು. ಗರಿ ಹೊದಿಸಿದ ಮಾಡಿನಲ್ಲಿ ಕೊಳವೆಯನ್ನು ಮಾಡಿಗೆ ತೂರಿಸದೆ ಗೋಡೆಯಿಂದ ಹೊರಕ್ಕೆ ತಿರುಗಿಸಿ, ಹೊರಗೋಡೆಗೆ ಒರಗಿಸಿ, ಮಾಡಿನ ಅಂಚಿನಿಂದ ದೂರವಾಗಿ ಏರಿಸತಕ್ಕದ್ದು.