ಟೀಚರ್ ಕಲಿತರೆ ಮಕ್ಕಳ ಕಲಿಕೆ ಗಟ್ಟಿ

(ಸಂಘದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಚರ್ಚಿಸಲು)



"ಇವತ್ತು ಸಾಲಿ ಇಲ್ಲ, ಮಾಸ್ತರು ಟ್ರೇನಿಂಗಿಗೆ ಹೋಗ್ಯಾರ." ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ, ರಾಯಚೂರಿನ ಓಣಿಗಳಲ್ಲಿ ಈ ಮಾತು ನಾವು ಕೇಳಿದ್ದೇವೆ. "ಪಗಾರ ತಗೊಳ್ಳೋರು ಮತ್ತೇನು ಕಲೀತಾರ?" ಅಂತ ಕೆಲವರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಓದುಬರಹ ಬಲ್ಲ ಮಹಿಳೆಯರು ಅರ್ಧಕ್ಕಿಂತ ಕಡಿಮೆ. ಮಕ್ಕಳ ಒಂದು ದಿನದ ಪಾಠವೂ ನಮಗೆ ದೊಡ್ಡದು. ಹಾಗಾದರೆ ಟೀಚರ್ ತರಬೇತಿಯಿಂದ ನಮ್ಮ ಮಕ್ಕಳಿಗೆ ಏನು ಲಾಭ?

ಗಟ್ಟಿ ಕಲಿಕೆ ಎಂದರೇನು?

ಗಟ್ಟಿ ಕಲಿಕೆ ಅಂದ್ರ ಬಡಿಗೆ ಅಲ್ಲ. ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ರಾಶಿ ರಾಶಿ ಹೋಂವರ್ಕ್ ಕೊಡುವುದೂ ಗಟ್ಟಿ ಕಲಿಕೆಯಲ್ಲ.

ಒಂದು ಉದಾಹರಣೆ ನೋಡಿ. ಬೋರ್ಡಿನ ಮೇಲೆ 24 ಭಾಗಿಸು 4, ಉತ್ತರ 6 ಎಂದು ಬರೆದರೆ ಮಕ್ಕಳು ನೋಡಿ ಬರೆದುಕೊಳ್ಳುತ್ತಾರೆ. ಪುಸ್ತಕ ತುಂಬುತ್ತದೆ, ತಲೆ ತುಂಬುವುದಿಲ್ಲ. ಇನ್ನೊಬ್ಬ ಟೀಚರ್ 24 ಸೇಂಗಾ ಬೀಜ ಕೊಟ್ಟು "ನಾಲ್ಕು ಮಂದಿಗೆ ಸಮ ಹಂಚ್ರಿ" ಎನ್ನುತ್ತಾರೆ. ಆಮೇಲೆ "26 ಇದ್ರ? ಉಳಿದ ಎರಡು ಏನು ಮಾಡೋಣ? ಯಾಕ?" ಎಂದು ಕೇಳುತ್ತಾರೆ. ಮಗು ಯೋಚಿಸಿ ಕಾರಣ ಹೇಳಬೇಕು. ಇದು ಗಟ್ಟಿ ಕಲಿಕೆ. ಇಂಥ ಪ್ರಶ್ನೆ ಕೇಳುವುದು, ತಪ್ಪು ಉತ್ತರದಲ್ಲಿ ಮಗು ಎಲ್ಲಿ ಎಡವಿತು ಎಂದು ಗುರುತಿಸುವುದು ಟೀಚರೂ ಕಲಿಯಬೇಕಾದ ಕೆಲಸ.

ಒಂದು ದಿನದ ತರಬೇತಿ ಸಾಕೇ?

ನಮ್ಮ ಸಂಘದ ಲೆಕ್ಕವನ್ನೇ ನೆನಪಿಸಿಕೊಳ್ಳಿ. ಪುಸ್ತಕ ಬರೆಯುವ ತರಬೇತಿಗೆ ಒಂದು ದಿನ ಹೋಗಿ ಬಂದ ಕೂಡಲೇ ಎಲ್ಲಾ ಬಂತೇ? ಕಾರ್ಯಕರ್ತೆ ಪಕ್ಕದಲ್ಲಿ ಕುಂತು ನಾಲ್ಕಾರು ಸಭೆ ತಿದ್ದಿದ ಮೇಲೆ ಕೈ ಕುದುರಿತು. ಟೀಚರಿಗೂ ಹಂಗ. ಕಲಿತದ್ದನ್ನು ತರಗತಿಯಲ್ಲಿ ಮಾಡಿ ನೋಡಬೇಕು, ಬಲ್ಲವರು ಬಂದು ನೋಡಿ ಹೇಳಬೇಕು, ಮತ್ತೆ ಮಾಡಬೇಕು.

ನಲಿ-ಕಲಿ ಹುಟ್ಟಿದ್ದು ಹೀಗೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಶಾಲೆ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಪಾಠ ನೋಡಿದರು. ಯುನಿಸೆಫ್ ನೆರವಿತ್ತು. ತಿರುಗಿ ಬಂದು ನಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ತಾವೇ ತಯಾರಿಸಿದರು. ಪ್ರತಿ ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುವ ಕ್ರಮ ಅದು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆ ಬಂತು. ಆದರೆ ಕಾರ್ಡು ಕಪಾಟಿನಲ್ಲಿದ್ದರೆ ಪ್ರಯೋಜನವಿಲ್ಲ. ಅದನ್ನು ಬಳಸಬಲ್ಲ ಟೀಚರ್ ಬೇಕು.

ನಮ್ಮಲ್ಲಿ ತರಬೇತಿ ಕೊಡುವವರು

ಜಿಲ್ಲೆಗೆ ಯರಮರಸ್‌ನಲ್ಲಿ ಡಯಟ್ ಇದೆ. ತಾಲೂಕಿಗೆ ಬಿ.ಆರ್.ಸಿ. ಇದೆ. ಹತ್ತಾರು ಶಾಲೆಗಳಿಗೆ ಒಬ್ಬ ಸಿ.ಆರ್.ಪಿ. ಇರುತ್ತಾರೆ. ಶಾಲೆಗೆ ಬಂದು ಪಾಠ ನೋಡಿ ಸಲಹೆ ಕೊಡುವುದು ಸಿ.ಆರ್.ಪಿ. ಕೆಲಸ. ಶಿಕ್ಷಕರು ತಮ್ಮ ಕಷ್ಟ ಹಂಚಿಕೊಳ್ಳಲು ಸಮಾಲೋಚನಾ ಸಭೆಗಳೂ ಇವೆ.

ನಾವೇನು ಮಾಡಬಹುದು?

1. ಎಸ್.ಡಿ.ಎಂ.ಸಿ.ಗೆ ಹೋಗಿ. ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ನಿಮ್ಮ ಹೆಸರು ಬರೀ ಸಹಿಗಾಗಿ ಇರಬಾರದು.

2. ಟೀಚರಮ್ಮನನ್ನು ಮರ್ಯಾದೆಯಿಂದ ಕೇಳಿ: "ತರಬೇತಿಯಲ್ಲಿ ಏನು ಹೊಸದು ಕಲಿತ್ರಿ? ಮಕ್ಕಳಿಗೆ ಹೆಂಗ ಮಾಡಿ ತೋರಿಸ್ತೀರಿ?" ದೂರುವ ಧಾಟಿ ಬೇಡ.

3. ಟೀಚರ್ ತರಬೇತಿಗೆ ಹೋದ ದಿನ ಶಾಲೆ ಮುಚ್ಚದಂತೆ ಏರ್ಪಾಡು ಕೇಳಿ. ಅತಿಥಿ ಶಿಕ್ಷಕರಿದ್ದರೆ ಅವರಿಗೂ ತರಬೇತಿ ಸಿಗಲಿ ಎಂದು ಒತ್ತಾಯಿಸಿ.

4. ಓದು ಬಾರದಿದ್ದರೂ ಸಂಜೆ ಮಗುವನ್ನು ಕೇಳಿ: "ಇವತ್ತು ಟೀಚರ್ ಏನು ಪ್ರಶ್ನೆ ಕೇಳಿದ್ರು? ನೀ ಏನಂದಿ? ಯಾಕ ಹಂಗಂದಿ?" ಮಗು ಕಾರಣ ಹೇಳಿದರೆ ತರಬೇತಿಯ ಫಲ ನಿಮ್ಮ ಮನೆಗೆ ಬಂದಿದೆ.

5. ಹತ್ತಿ ಬಿಡಿಸುವ ಕಾಲದಲ್ಲಿ, ಗುಳೆ ಹೋಗುವಾಗ ಮಕ್ಕಳನ್ನು ಶಾಲೆ ಬಿಡಿಸಬೇಡಿ. ಎಷ್ಟೇ ಒಳ್ಳೆಯ ಟೀಚರಿದ್ದರೂ ಮಗು ಬಾರದಿದ್ದರೆ ಏನು ಮಾಡಿಯಾರು?

ಚರ್ಚೆಗೆ ಪ್ರಶ್ನೆಗಳು

• ನಮ್ಮ ಊರ ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ನಮ್ಮ ಸಂಘದವರು ಎಷ್ಟು ಮಂದಿ ಇದ್ದಾರೆ? ಕಳೆದ ಸಭೆ ಯಾವಾಗ ಆಯಿತು?
• ಸಿ.ಆರ್.ಪಿ. ಈ ವರ್ಷ ಎಷ್ಟು ಸಲ ಬಂದಿದ್ದಾರೆ?
• ನಮ್ಮ ಮಕ್ಕಳು ಲೆಕ್ಕವನ್ನು ಬರೀ ನೋಡಿ ಬರೆಯುತ್ತಾರೋ, ವಿವರಿಸಿ ಹೇಳುತ್ತಾರೋ?

ಚರ್ಚೆಯಲ್ಲಿ ಬಂದ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಮುಂದಿನ ಎಸ್.ಡಿ.ಎಂ.ಸಿ. ಸಭೆಗೆ ಇಬ್ಬರು ತೆಗೆದುಕೊಂಡು ಹೋಗಿರಿ.